ಆಫೀಸ್ ರೂಮಿನ ವಾಯಿದೆ

ಮಾರ್ಚ್ 3, ಸೋಮವಾರ. ಬೆಳಿಗ್ಗೆ 9.45

ಗುಮಾಸ್ತರು ಬಂದರು. ಒಂಬತ್ತೂವರೆ ಅಂದರೆ ಒಂಬತ್ತೂವರೆಯೇ. ಚಪ್ಪಲಿ ಎಡಕ್ಕೆ, ಛತ್ರಿ ಬಲಕ್ಕೆ. ಆಫೀಸ್ ರೂಮಿನ ಬಾಗಿಲು ತೆಗೆದರು, ಫ್ಯಾನ್ ಹಾಕಿದರು, ನಮ್ಮ ಯಜಮಾನರ ಕುರ್ಚಿಯ ಧೂಳು ಒರೆಸಿದರು. ಕೂರುವವರು ಹೋಗಿ ಆರು ವಾರ ಆಯಿತು. ಕುರ್ಚಿ ಮಾತ್ರ ಫಳಫಳ.

ಈ ಡೈರಿ ಇವರದು. ವಕೀಲರ ಡೈರಿ — ದಿನಕ್ಕೊಂದು ಪುಟ, ಯಾವ ಕೇಸು, ಯಾವ ಕೋರ್ಟು, ಮುಂದಿನ ವಾಯಿದೆ ಯಾವತ್ತು ಎಂದು ಬರೆಯಲು ಗೆರೆ ಹಾಕಿದ್ದು. ಜನವರಿ 21ರವರೆಗೆ ತುಂಬಿದೆ. ಆ ಪುಟಗಳಿಗೆಲ್ಲ ರಬ್ಬರ್ ಬ್ಯಾಂಡ್ ಹಾಕಿಬಿಟ್ಟಿದ್ದೇನೆ. ನೋಡಲು ಇನ್ನೂ ಧೈರ್ಯ ಇಲ್ಲ. ಆಮೇಲೆ ಅಲ್ಲೊಂದು ಇಲ್ಲೊಂದು ಸಾಲು, ಮುಂದಕ್ಕೆ ಹೋದ ಕೇಸುಗಳು. ಉಳಿದದ್ದು ಖಾಲಿ. ಒಳ್ಳೆ ದಪ್ಪ ಕಾಗದ. ಬಿಸಾಡಲು ಮನಸ್ಸಾಗಲಿಲ್ಲ.

ಇವತ್ತಿನ ಪುಟದ ತಲೆಯಲ್ಲಿ ಇವರ ಅಕ್ಷರ: "ಬಾವಿ ಕೇಸು — ಸಾಕ್ಷಿ." ಅದರ ಕೆಳಗೆ ನನ್ನ ಅಕ್ಷರ. ಇದನ್ನು ಯಾರಾದರೂ ಓದಲಿ ಅಂತ ಅಲ್ಲ. ನಲವತ್ತೊಂದು ವರ್ಷ ಊಟದ ಹೊತ್ತಿಗೆ ಇವರಿಗೆ ದಿನದ ವರದಿ ಒಪ್ಪಿಸಿ ಅಭ್ಯಾಸ. ಈಗ ಕೇಳಲು ಜನ ಇಲ್ಲ. ಬಾಯಿ ಸುಮ್ಮನಿರಲೊಲ್ಲದು, ಕೆಲಸ ಕೈಗೆ ಕೊಟ್ಟೆ.

ಮಾರ್ಚ್ 5, ಬುಧವಾರ. ಮಧ್ಯಾಹ್ನ

ವಕೀಲರ ಸಂಘದವರು ಲೈಬ್ರರಿಯಲ್ಲಿ ಇವರ ಫೋಟೋ ಹಾಕುತ್ತಾರಂತೆ. ಕೆಳಗೆ ಹಾಕಲು ನಾಲ್ಕು ಸಾಲು ಬರೆದುಕೊಡಿ ಎಂದು ಗುಮಾಸ್ತರ ಕೈಲಿ ಹೇಳಿ ಕಳಿಸಿದ್ದಾರೆ. ಬರೆದೆ. ಹುಟ್ಟಿದ್ದು ಇಂಥ ವರ್ಷ, ಸನ್ನದು ಪಡೆದದ್ದು ಇಂಥ ವರ್ಷ, ನಲವತ್ಮೂರು ವರ್ಷ ಸಿವಿಲ್ ವಕೀಲಿಕೆ, ಒಬ್ಬ ಮಗ. ಓದಿ ನೋಡಿದರೆ ಯಾರೋ ಬೇರೆಯವರು.

ನಿಜ ಬರೆಯಬೇಕೆಂದರೆ ಇದನ್ನು ಬರೆಯಬೇಕು — ಗಡ್ಡ ಮಾಡಿಕೊಳ್ಳುವಾಗ ಕನ್ನಡಿಗೆ ವಾದ ಮಂಡಿಸುತ್ತಿದ್ದರು. ಕನ್ನಡಿ ದಿನವೂ ಸೋಲುತ್ತಿತ್ತು. ಕೊರಳಿನ ಬಿಳಿ ಪಟ್ಟಿಯನ್ನು ಭಾನುವಾರ ತಾವೇ ಇಸ್ತ್ರಿ ಮಾಡುತ್ತಿದ್ದರು, ನನ್ನ ಕೈಗೆ ಕೊಟ್ಟವರಲ್ಲ. ಮಗ ಏಳನೇ ಕ್ಲಾಸಿನಲ್ಲಿದ್ದಾಗ ಲೆಕ್ಕದ ಮೇಷ್ಟ್ರಿಗೆ ಸ್ಕೂಲಿನಲ್ಲೇ ಪಾಟೀಸವಾಲು ಹಾಕಿದ್ದಕ್ಕೆ ಮೇಷ್ಟ್ರು ಸಾಕಪ್ಪಾ ಸಾಕೆಂದು ಎರಡು ಮಾರ್ಕು ಜಾಸ್ತಿ ಕೊಟ್ಟರು. ಮಗ ನಾಚಿ ಒಂದು ವಾರ ಮಾತು ಬಿಟ್ಟ. ಈಗ ಅವನೇ ಲೆಕ್ಕದ ಮೇಷ್ಟ್ರು. ಅಪ್ಪಂದಿರು ಬಂದರೆ ಹೆದರುತ್ತಾನೆ.

ಮತ್ತೆ ವಾಯಿದೆ. ಕೋರ್ಟಿನ ರೋಗ ಮನೆಗೂ ತಂದಿದ್ದರು. ಗೋಡೆಗೆ ಬಣ್ಣ ಬಳಿಸೋಣವೆಂದರೆ ಮುಂದಿನ ತಿಂಗಳು ನೋಡೋಣ — ಆರು ವರ್ಷ. ಹಲ್ಲು ಕೀಳಿಸುವುದಕ್ಕೆ ಎರಡು ವರ್ಷ, ಕೊನೆಗೆ ಹಲ್ಲೇ ಬೇಸತ್ತು ತಾನಾಗಿ ಬಿತ್ತು.

ಇದನ್ನೆಲ್ಲ ಫೋಟೋ ಕೆಳಗೆ ಹಾಕಲಾಗುತ್ತದೆಯೇ.

ಮಾರ್ಚ್ 6, ಗುರುವಾರ. ಬೆಳಿಗ್ಗೆ 11

ಗುಮಾಸ್ತರು ಫೈಲುಗಳನ್ನು ಹಿಂದಿರುಗಿಸುತ್ತಿದ್ದಾರೆ. ಕಕ್ಷಿದಾರರು ಒಬ್ಬೊಬ್ಬರಾಗಿ ಬಂದು ಬೆಂಚಿನ ತುದಿಯಲ್ಲಿ ಕೂತು, ಎರಡು ಮಾತು ಆಡಿ, ಕಟ್ಟು ಎತ್ತಿಕೊಂಡು ಬೇರೆ ವಕೀಲರ ಕಡೆಗೆ ಹೋಗುತ್ತಾರೆ. ನಾನು ಅಡುಗೆಮನೆಯಿಂದ ಕೇಳುತ್ತಿದ್ದೇನೆ. ನಲವತ್ತೊಂದು ವರ್ಷದಿಂದ ಕೇಳಿದ ಹಾಗೆ.

ಈ ಮನೆಗೆ ಕಾಲಿಟ್ಟ ದಿನ ಮೊದಲು ಕಣ್ಣಿಗೆ ಬಿದ್ದದ್ದು ಬೀದಿ ಕಡೆಯ ರೂಮು. ಅಗಲದ ಕಿಟಕಿ, ಕೂರಲು ಅಂಚು, ಬೆಳಗಿನ ಬಿಸಿಲು ನೇರ ಮಡಿಲಿಗೆ. ಇದು ನನ್ನ ಜಾಗ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಇಪ್ಪತ್ತು ದಿನಕ್ಕೆ ಅಲ್ಲಿ ಟೇಬಲ್ಲು ಬಂತು, ಕಾನೂನು ಪುಸ್ತಕದ ಬೀರು ಬಂತು, ಮೂರು ಜನ ಕೂರುವ ಬೆಂಚು ಬಂತು. ಹೊಸ ವಕೀಲ, ಬೇರೆ ಆಫೀಸು ಎಲ್ಲಿಂದ ತರಬೇಕು. ನಾನು ಏನೂ ಅನ್ನಲಿಲ್ಲ. ಇವರು ಕೇಳಲೂ ಇಲ್ಲ. ಮನೆಯಲ್ಲಿ ಬೀದಿ ಕಾಣುವ ಕಿಟಕಿ ಅದೊಂದೇ. ನನಗೆ ಸಿಕ್ಕಿದ್ದು ಅಡುಗೆಮನೆಗೂ ಅದಕ್ಕೂ ನಡುವಿನ ಗೋಡೆ.

ಗೋಡೆಗೂ ಕಿವಿ ಇರುತ್ತದೆ ಅನ್ನುತ್ತಾರಲ್ಲ, ಆ ಕಿವಿ ನಾನು. ಇವರದು ಪಾಲಿನ ಕೇಸುಗಳು. ಊರಿನ ಅರ್ಧ ಮನೆಗಳ ಜಗಳ ನನ್ನ ಒಗ್ಗರಣೆಯ ಸದ್ದಿನ ಜೊತೆಗೇ ನಡೆದಿದೆ. ಅಣ್ಣತಮ್ಮ ಒಂದೇ ತಾರಸಿಗಾಗಿ ಹನ್ನೊಂದು ವರ್ಷ ಹೊಡೆದಾಡಿದ್ದರು. ಮಧ್ಯೆ ಗೋಡೆ ಹಾಕಿದರೆ ಇಬ್ಬರಿಗೂ ಬಟ್ಟೆ ಒಣಗಿಸುವಷ್ಟು ಜಾಗವಿಲ್ಲ. ಇವರು ಇಬ್ಬರನ್ನೂ ಕೂರಿಸಿ, "ಜಾಗ ಹಂಚೋಕೆ ಆಗಲ್ಲ ಅಂದ್ರೆ ಹೊತ್ತು ಹಂಚ್ಕೊಳ್ಳಿ. ಬೆಳಿಗ್ಗೆ ಅಣ್ಣಂದು, ಸಂಜೆ ತಮ್ಮಂದು" ಅಂದರು. ಅವತ್ತೇ ರಾಜಿ ಆಯಿತು. ಅವತ್ತು ಗೋಡೆಯಾಚೆ ನನಗೂ ಹೆಮ್ಮೆ ಅನಿಸಿತ್ತು. ಇವರಿಗೆ ಹೇಳಲಿಲ್ಲ, ತಲೆಗೇರುತ್ತದೆ ಎಂದು.

ಮಾರ್ಚ್ 11, ಮಂಗಳವಾರ. ಸಂಜೆ 5

ಗುಟ್ಟು ಬಯಲಾಯಿತು. ನನ್ನದೇ ಗುಟ್ಟು.

ಮದುವೆಯಾದ ಮೂರನೇ ವರ್ಷ. ಒಬ್ಬ ಬಂದು ಅಣ್ಣ ಮೋಸ ಮಾಡಿದನೆಂದು ಗೋಳೋ ಎಂದು ಅತ್ತ. ಎರಡು ದಿನ ಬಿಟ್ಟು ಮತ್ತೆ ಬಂದು ಮತ್ತೆ ಅತ್ತ — ಅದೇ ಮಾತಿಗೆ, ಅದೇ ಜಾಗದಲ್ಲಿ ಗಂಟಲು ಕಟ್ಟಿತು. ಮುಖ ನೋಡುವವರಿಗೆ ಕಣ್ಣೀರು ಕಾಣುತ್ತದೆ. ಬರೀ ದನಿ ಕೇಳುವವಳಿಗೆ ಪಾಠ ಒಪ್ಪಿಸಿದ್ದು ಗೊತ್ತಾಗುತ್ತದೆ. ಸಿಟ್ಟು ಬಂತು. ಸುಳ್ಳು ಹೇಳುವವನಿಗೆ ನಾನು ಯಾಕೆ ಸಾಸರ್ ತೊಳೆಯಬೇಕು ಎಂದು ಬರೀ ಕಪ್ಪಿನಲ್ಲಿ ಚಹಾ ಕಳಿಸಿದೆ. ಅವತ್ತಿನಿಂದ ಅದೇ ರೂಢಿ. ನಂಬಿಕೆ ಬಂದರೆ ಸಾಸರ್ ಸಮೇತ, ಬರದಿದ್ದರೆ ಬರೀ ಕಪ್ಪು. ಯಾರಿಗೂ ಹೇಳಿಲ್ಲ. ಇವರಿಗೂ.

ಇವತ್ತು ಗುಮಾಸ್ತರು ಒಂದು ಹಳೇ ಫೈಲು ಹಿಡಿದು ಅಡುಗೆಮನೆ ಬಾಗಿಲಿಗೆ ಬಂದರು. ಮೂವತ್ತೊಂದು ವರ್ಷದಲ್ಲಿ ಆ ಹೊಸಿಲಿನ ಒಳಗೆ ಬಂದವರಲ್ಲ, ಇವತ್ತೂ ಬರಲಿಲ್ಲ. ಕೈ ಮಾತ್ರ ಚಾಚಿದರು.

"ಅಮ್ಮಾ, ಇದನ್ನ ಹೀಗೇ ಕೊಟ್ಬಿಡಲಾ, ಅಳಿಸಿ ಕೊಡಲಾ?"

ಫೈಲಿನ ಮೂಲೆಯಲ್ಲಿ ಪೆನ್ಸಿಲ್ಲಿನಲ್ಲಿ ಇವರ ಅಕ್ಷರ: "ಸಾಸರ್ ಇಲ್ಲ." ಕೆಳಗೆ ತಾರೀಖು.

ಕೈಯಲ್ಲಿದ್ದ ಸೌಟು ಕೈಯಲ್ಲೇ ಉಳಿಯಿತು. ಗುಮಾಸ್ತರಿಗೆ ಕೆಲಸಕ್ಕೆ ಸೇರಿದ ವರ್ಷದಿಂದಲೇ ಗೊತ್ತಂತೆ. ಟ್ರೇ ಒಯ್ಯುತ್ತಿದ್ದವರು ಅವರೇ ತಾನೆ. ಬರೀ ಕಪ್ಪು ಬಂದ ದಿನ ಸಾಹೇಬರು ಪೆನ್ನು ಮುಚ್ಚಿಟ್ಟು, "ಎಲ್ಲಿ, ಇನ್ನೊಂದ್ಸಲ ಮೊದ್ಲಿಂದ ಹೇಳಿ" ಅನ್ನುತ್ತಿದ್ದರಂತೆ. ಮೂರನೇ ಸಲಕ್ಕೆ ನಿಜ ಹೊರಗೆ ಬರುತ್ತಿತ್ತಂತೆ.

ಹತ್ತಿರ ಹತ್ತಿರ ನಲವತ್ತು ವರ್ಷ ಒಂದೇ ಮನೆಯಲ್ಲಿ ಒಬ್ಬರಿಗೊಬ್ಬರು ಗೊತ್ತಿಲ್ಲದ ಹಾಗೆ ನಟಿಸಿದ್ದೇವೆ. ನಾನು ಜಾಣೆ ಅಂದುಕೊಂಡಿದ್ದೆ.

ಮಾರ್ಚ್ 12, ಬುಧವಾರ. ಮಧ್ಯಾಹ್ನ 3

ಬೀರುವಿನ ಹಳೇ ಫೈಲುಗಳನ್ನೆಲ್ಲ ಇಳಿಸಿ ನೋಡಿದೆವು. ಗುಮಾಸ್ತರು ಸ್ಟೂಲಿನ ಮೇಲೆ, ನಾನು ಕೆಳಗೆ. ಇಬ್ಬರಿಗೂ ಕೆಮ್ಮು.

"ಸಾಸರ್ ಇದೆ. ಆದರೂ ಸೋತೆ."

"ಸಾಸರ್ ಇಲ್ಲ. ಅವಳದು ತಪ್ಪು, ಈತ ನಿಜವನ್ನೇ ಹೇಳುತ್ತಿದ್ದ. ಹೇಳಿದರೆ ಬೇಜಾರು ಮಾಡಿಕೊಳ್ಳುತ್ತಾಳೆ." — ಈಗಲೂ ಬೇಜಾರಾಯಿತು. ಯಾವ ಕೇಸು ಎಂದು ನೋಡಿದೆ. ಆ ಮನುಷ್ಯನ ದನಿಯೇ ಹಾಗೆ, ನಾನೇನು ಮಾಡಲಿ.

"ಇವತ್ತು ಐದು ಜನ, ಐವರಿಗೂ ಸಾಸರ್ ಇಲ್ಲ. ಕೋಪ ನನ್ನ ಮೇಲೆ ಇರಬೇಕು." — ಇರಲಿಲ್ಲ. ಅವತ್ತು ನಲ್ಲಿ ನೀರು ಬಂದಿರಲಿಲ್ಲ. ಸಾಸರ್ ತೊಳೆಯಲು ನೀರೆಲ್ಲಿ? ಪಾಪ, ಇಡೀ ದಿನ ಯೋಚನೆ ಮಾಡಿರಬೇಕು. ನಗು ತಡೆಯಲಾಗದೆ ಬೆಂಚಿನ ಮೇಲೆ ಕೂತುಬಿಟ್ಟೆ. ಆ ಬೆಂಚಿನ ಮೇಲೆ ಕೂತದ್ದು ಮೊದಲ ಸಲ. ಒಂದು ಕಾಲು ಗಿಡ್ಡ, ಕುಂಟುತ್ತದೆ.

ಮದುವೆಯ ವಿಷಯವೂ ಈಗ ಅರ್ಥವಾಯಿತು. ಮಗ ತಾನು ಮೆಚ್ಚಿದ ಹುಡುಗಿಯ ಮಾತೆತ್ತಿದಾಗ ಇವರು ನಾಲ್ಕು ವಾಯಿದೆ ಕೊಟ್ಟಿದ್ದರು. ಐದನೆಯದಕ್ಕೆ ಆ ಹುಡುಗಿಯೇ ಬಂದು ಬೆಂಚಿನ ಮೇಲೆ ಕೂತಳು. ಮದುವೆಗೆ ನಿಮ್ಮ ತಕರಾರೇನು ಹೇಳಿ ಎಂದು ನೇರವಾಗಿ ಕೇಳಿದಳು. ದನಿ ಒಂದು ಚೂರೂ ನಡುಗಲಿಲ್ಲ. ನಾನು ಹೊಸ ಸಾಸರ್ ತೆಗೆದು ಕಳಿಸಿದೆ. ಐದು ನಿಮಿಷಕ್ಕೆ ಇವರು ಒಳಗೆ ಬಂದು, "ಮದ್ವೆ ಆಗ್ಲಿ ಬಿಡು" ಅಂದರು. ಇಷ್ಟು ಬೇಗ ಮನಸ್ಸು ಹೇಗೆ ಬದಲಾಯಿತೆಂದು ಹತ್ತು ವರ್ಷದಿಂದ ಯೋಚಿಸುತ್ತಿದ್ದೆ.

ಮಾರ್ಚ್ 19, ಬುಧವಾರ. ಬೆಳಿಗ್ಗೆ 8

ಸೊಸೆ ಆಫೀಸ್ ರೂಮಿನಲ್ಲಿ ಟೇಪು ಹಿಡಿದು ಅಳೆಯುತ್ತಿದ್ದಳು. ನನ್ನನ್ನು ನೋಡಿ ಟೇಪು ಸರ್ರೆಂದು ಸುತ್ತಿಕೊಂಡಿತು. ಅವಳು ಫಿಸಿಯೋಥೆರಪಿಸ್ಟ್. ಮಹಡಿಯ ಮೇಲೆ ಅವಳ ಚಿಕ್ಕ ಕ್ಲಿನಿಕ್ಕು. ಮೊಣಕಾಲು ನೋವಿನವರು ಹದಿನೆಂಟು ಮೆಟ್ಟಿಲು ಹತ್ತಿ ಹೋಗಿ ಮೊಣಕಾಲು ತೋರಿಸಬೇಕು. ಅರ್ಧ ಜನ ಎಂಟನೇ ಮೆಟ್ಟಿಲಿಗೆ ಕೂತು ವಾಪಸ್ಸು ಹೋಗುತ್ತಾರೆ.

"ಸುಮ್ನೆ ನೋಡ್ತಿದ್ದೆ ಅತ್ತೆ. ಅವಸರ ಏನಿಲ್ಲ" ಅಂದಳು. ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಬಾಯಿ ಬಿಟ್ಟು ಕೇಳದಿದ್ದರೂ, ಅವಳಿಗೆ ಈ ರೂಮು ಬೇಕೆನ್ನುವುದರಲ್ಲಿ ನ್ಯಾಯ ಇದೆ. ಅದೇ ಕಷ್ಟ. ಅನ್ಯಾಯ ಇದ್ದಿದ್ದರೆ ಆಗಲ್ಲ ಎಂದು ಹೇಳಿ ಮುಗಿಸುತ್ತಿದ್ದೆ.

ಆಮೇಲೆ ಗುಮಾಸ್ತರು. ಅರವತ್ತನಾಲ್ಕು ವಯಸ್ಸು. ಮನೆಯಲ್ಲಿ ಒಂಟಿ. ಅರ್ಜಿ ಟೈಪು ಮಾಡಿಸಲು ಜನ ಈಗಲೂ ಅವರನ್ನೇ ಹುಡುಕಿಕೊಂಡು ಬರುತ್ತಾರೆ. ಈ ರೂಮಿನ ಮೂಲೆ ಟೇಬಲ್ಲು ಬಿಟ್ಟರೆ ಅವರಿಗೆ ಕೂರಲು ಜಾಗ ಎಲ್ಲಿದೆ. ಇವರು ಹೋದ ದಿನ ಕೋರ್ಟಿನ ಲೈಬ್ರರಿಯಲ್ಲಿ ಜೊತೆಗಿದ್ದದ್ದು ಅವರೇ. ಇವರು ಕನ್ನಡಕ ಮಡಿಸಿಟ್ಟು ತಲೆ ಒರಗಿಸಿದ್ದನ್ನು ನೋಡಿ ನಿದ್ದೆ ಅಂದುಕೊಂಡು ಇಪ್ಪತ್ತು ನಿಮಿಷ ಬಾಗಿಲಲ್ಲಿ ನಿಂತು ಬಂದವರಿಗೆಲ್ಲ "ಶ್... ಸಾಹೇಬ್ರು ಮಲಗಿದ್ದಾರೆ" ಅಂದಿದ್ದರು. ಅದನ್ನು ಹೇಳಿ ಈಗಲೂ ಅಳುತ್ತಾರೆ. ಇಪ್ಪತ್ತು ನಿಮಿಷ ಯಾರೂ ತೊಂದರೆ ಕೊಡದ ಹಾಗೆ ನೋಡಿಕೊಂಡಿರಲ್ಲ ಎಂದು ನಾನೇ ಸಮಾಧಾನ ಮಾಡುತ್ತೇನೆ.

ನನಗೂ ಆ ರೂಮು ಬೇಕು. ಇಲ್ಲಿ ಬರೆದಿದ್ದೇನೆ. ಬಾಯಲ್ಲಿ ಇನ್ನೂ ಬಂದಿಲ್ಲ. ಈ ವಯಸ್ಸಿನಲ್ಲಿ ಕಿಟಕಿ ಬೇಕು ಅಂದರೆ ಮಗು ಮಿಠಾಯಿ ಕೇಳಿದ ಹಾಗೆ ಆಗುತ್ತದೆ.

ಮಾರ್ಚ್ 22, ಶನಿವಾರ. ಬೆಳಿಗ್ಗೆ 10.30

ವಿಲ್ಲು ಸಿಕ್ಕಿತು. ಕೆಳಗಿನ ಡ್ರಾಯರ್‌ನಲ್ಲಿ, ಇಸ್ತ್ರಿ ಮಾಡಿದ ಪಟ್ಟಿಗಳ ಕೆಳಗೆ. ಇವರದೇ ಕೈಬರಹ, ಮೂರು ಪುಟ. ಮನೆ ನನಗೆ, ಮಹಡಿ ಮಗ-ಸೊಸೆಗೆ, ಕಾನೂನು ಪುಸ್ತಕ ಸಂಘದ ಲೈಬ್ರರಿಗೆ, ವಾಚು ಗುಮಾಸ್ತರಿಗೆ. ಎಲ್ಲ ಚೊಕ್ಕ. ಮೂರನೇ ಪುಟದಲ್ಲಿ — "ಬೀದಿ ಕಡೆಯ ಆಫೀಸ್ ರೂಮನ್ನು ಉಪಯೋಗಿಸುವ ಹಕ್ಕು" ಎಂದು ಬರೆದು, ಮುಂದೆ ಒಂದು ಗೇಣು ಖಾಲಿ. ಆಮೇಲೆ "ಅವರಿಗೆ ಸೇರತಕ್ಕದ್ದು."

ಸಹಿ ಇಲ್ಲ. ಹೇಗಿದ್ದೀತು? ಬಂದವರಿಗೆಲ್ಲ ಹೇಳುತ್ತಿದ್ದರು, ಖಾಲಿ ಜಾಗ ಬಿಟ್ಟ ಕಾಗದಕ್ಕೆ ಸಹಿ ಹಾಕುವುದೆಂದರೆ ಬಾಗಿಲು ತೆರೆದಿಟ್ಟು ಮಲಗಿದ ಹಾಗೆ ಎಂದು. ತಮ್ಮ ನಿಯಮ ತಾವು ಮುರಿಯಲಿಲ್ಲ. ಊರಿನವರಿಗೆಲ್ಲ ವಿಲ್ಲು ಬರೆದುಕೊಟ್ಟ ಮನುಷ್ಯನ ವಿಲ್ಲು ರದ್ದಿ ಕಾಗದ. ದೀಪದ ಬುಡದಲ್ಲಿ ಕತ್ತಲೆ.

ಮಗ ಓದಿ, "ಇರ್ಲಿ ಬಿಡಮ್ಮ, ನೀನು ಹೇಳಿದ ಹಾಗೇ ಮಾಡೋಣ. ವಿಲ್ ಇದ್ರೂ ಅಷ್ಟೆ, ಇಲ್ದಿದ್ರೂ ಅಷ್ಟೆ" ಅಂದ. ಒಳ್ಳೆಯವನು. ಆದರೆ ನನಗೆ ಕೋಪ ಬಂದದ್ದು ಕಾನೂನಿಗಲ್ಲ. ಆ ಖಾಲಿ ಜಾಗಕ್ಕೆ. ಮನೆ ಕೊಡುವಾಗ ನನ್ನ ಹೆಸರು ತಡೆಯಿಲ್ಲದೆ ಬಂತು. ಆ ರೂಮಿನ ಮುಂದೆ ಬಂದಾಗ ಮಾತ್ರ ಪೆನ್ನು ನಿಂತಿತೇ? ಇನ್ನು ಯಾರಿಗೆ ಕೊಡಬೇಕೆಂದು ಯೋಚಿಸುತ್ತಿದ್ದರು? ನಾನು ನೆನಪಿಗೆ ಬರಲಿಲ್ಲವೇ?

ಇವರಿಗೆ ಸಾಸರ್ ಇಲ್ಲ.

ಏಪ್ರಿಲ್ 4, ಶುಕ್ರವಾರ. ಬೆಳಿಗ್ಗೆ 11

ಹದಿಮೂರು ದಿನ ಬರೆಯಲಿಲ್ಲ. ಇವರ ಡೈರಿಯಲ್ಲಿ ಇವರ ಮೇಲೇ ಮುನಿಸಿಕೊಂಡು ಏನು ಬರೆಯುವುದು. ಇವರ ಫೋಟೋಗೆ ಬೆನ್ನು ಹಾಕಿ ಕೂತು ಊಟ ಮಾಡಿದೆ. ಮೊಮ್ಮಗಳಿಗೆ ಅದು ಆಟ ಅನಿಸಿ ಅವಳೂ ಬೆನ್ನು ಹಾಕಿ ಕೂತಳು.

ಇವತ್ತು ಗುಮಾಸ್ತರು ಟ್ರೇ ವಾಪಸ್ಸು ತಂದವರು ನಿಂತೇ ಇದ್ದರು. ಏನು ಎಂದೆ.

"ಡೈರಿ ನೋಡಿದ್ರಾ ಅಮ್ಮ? ಜನವರಿ? ಸಾಹೇಬ್ರು ಏನೇ ಮಾಡ್ಬೇಕಂದ್ರೂ ಮೊದ್ಲು ಡೈರೀಲಿ ಹಾಕ್ತಿದ್ರು. ಡೈರೀಲಿ ಇಲ್ದೆ ಅವರು ಹಜಾಮತಿಗೂ ಹೋಗಿಲ್ಲ."

ರಬ್ಬರ್ ಬ್ಯಾಂಡ್ ತೆಗೆದೆ. ಜನವರಿ 20. ನಾಲ್ಕು ಕೇಸು. ಪುಟದ ಬುಡದಲ್ಲಿ ಪೆನ್ಸಿಲ್ಲಿನಲ್ಲಿ ಸಣ್ಣದಾಗಿ: "ಆಫೀಸ್ ರೂಮು — ಅವಳನ್ನು ಕೇಳಬೇಕು." ಪಕ್ಕದಲ್ಲಿ ಬಾಣದ ಗುರುತು. ಮುಂದಿನ ವಾಯಿದೆ: ಏಪ್ರಿಲ್ 28.

ಅಷ್ಟೇ ಅಲ್ಲ. ಜನವರಿ 6ರಲ್ಲೂ ಅದೇ ಸಾಲು, ಬಾಣ 20ಕ್ಕೆ. ಹೋದ ವರ್ಷದ ಡೈರಿ ತೆಗೆಸಿದೆ. ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು ಗುಮಾಸ್ತರು ಹಿಂದಕ್ಕೆ ಹಿಂದಕ್ಕೆ ಓದುತ್ತಾ ಹೋದರು, ಕೋರ್ಟಿನಲ್ಲಿ ಕೇಸು ಕೂಗುವವರ ಹಾಗೆ. ಒಟ್ಟು ಹನ್ನೊಂದು ವಾಯಿದೆ. ಪ್ರತಿಯೊಂದಕ್ಕೂ ಕಾರಣ ಬರೆದಿದ್ದಾರೆ.

"ಅವಳಿಗೆ ನೆಗಡಿ."

"ಮೊಮ್ಮಗಳ ಪರೀಕ್ಷೆ. ಮನೆಯಲ್ಲಿ ಯಾರಿಗೂ ಪುರುಸೊತ್ತಿಲ್ಲ."

"ಅವಳೇ ಇವತ್ತು ಖುಷಿಯಾಗಿದ್ದಾಳೆ. ಯಾಕೆ ಕೆಡಿಸುವುದು."

"ವಕೀಲರು ಸಿದ್ಧರಿಲ್ಲ."

ಮೊದಲನೆಯದು ಹೋದ ವರ್ಷ ಫೆಬ್ರವರಿಯದು, ಅದು ಉದ್ದ: "ವಿಲ್ಲಿನಲ್ಲಿ ರೂಮು ಬಾಕಿ. ಸೊಸೆಗೆ ಅಗತ್ಯ ಇದೆ. ಗುಮಾಸ್ತರಿಗೆ ಬೇರೆ ಆಸರೆ ಇಲ್ಲ. ಆದರೆ ಅದು ಮೊದಲಿನಿಂದ ಅವಳ ರೂಮು, ನಾನು ಕೇಳದೆ ತೆಗೆದುಕೊಂಡದ್ದು. ಈ ಸಲ ಕೇಳದೆ ಬರೆಯುವುದಿಲ್ಲ."

ಗುಮಾಸ್ತರು ಓದಿ ಮುಗಿಸಿ ಕಿಟಕಿ ಕಡೆ ತಿರುಗಿ ನಿಂತರು. ನಾನು ಸೆರಗಿನಲ್ಲಿ ಮೂಗು ಒರೆಸಿಕೊಂಡೆ. ಜಡ್ಜಿನ ಮುಂದೆ ಗುಡುಗುವ ಮನುಷ್ಯ. ಹೆಂಡತಿಯನ್ನು ಒಂದು ಮಾತು ಕೇಳಲು ಹನ್ನೊಂದು ತಿಂಗಳು, ಹನ್ನೊಂದು ವಾಯಿದೆ, ಆಮೇಲೂ ಕೇಳದೆ ಹೋದರು.

ಏಪ್ರಿಲ್ 28ರ ಪುಟ ತೆಗೆಯಲು ಹೋದೆ. ಗುಮಾಸ್ತರು ಡೈರಿಯ ಮೇಲೆ ಕೈಯಿಟ್ಟರು. ಹಾಗೆ ಎಂದೂ ಮಾಡಿದವರಲ್ಲ.

"ವಾಯಿದೆ ದಿನಕ್ಕಿಂತ ಮುಂಚೆ ಕೇಸು ಕರೆಯೋ ಹಾಗಿಲ್ಲ ಅಮ್ಮ."

ಸರಿ ಅಂದೆ. ಬಿಚ್ಚಿದ್ದ ರಬ್ಬರ್ ಬ್ಯಾಂಡನ್ನು ಏಪ್ರಿಲ್ 28ರಿಂದಾಚೆಯ ಪುಟಗಳಿಗೆ ಹಾಕಿದೆ.

ಏಪ್ರಿಲ್ 4, ಸಂಜೆ

ಫೋಟೋದ ಕಡೆ ಮುಖ ಮಾಡಿ ಕೂತೆ. ಮೊಮ್ಮಗಳು ಆಟ ಮುಗಿಯಿತಾ ಎಂದು ಕೇಳಿದಳು.

ಏಪ್ರಿಲ್ 16, ಬುಧವಾರ. ಬೆಳಿಗ್ಗೆ

ಗುಮಾಸ್ತರು ದಿನಾ ಹೋಗುವಾಗ ಚೀಲ ಸ್ವಲ್ಪ ಉಬ್ಬಿರುತ್ತದೆ. ಇವತ್ತು ಗಮನಿಸಿದೆ. ಮೂಲೆ ಟೇಬಲ್ಲಿನಿಂದ ಸ್ಟೇಪ್ಲರ್ ಮಾಯ, ದಾರದ ಉಂಡೆ ಮಾಯ, ಕೂರುವ ದಿಂಬು ಮಾಯ. ಯಾರಿಗೂ ನೋವಾಗದ ಹಾಗೆ ಒಂದೊಂದಾಗಿ ಮನೆಗೆ ಒಯ್ಯುತ್ತಿದ್ದಾರೆ. ಸೊಸೆ ಅಳೆದದ್ದನ್ನು ಅವರೂ ನೋಡಿರಬೇಕು.

ಸೊಸೆಯೂ ಅಷ್ಟೆ. ಅವತ್ತಿನಿಂದ ರೂಮಿನ ಮಾತೇ ಎತ್ತಿಲ್ಲ. ನಿನ್ನೆ ಒಬ್ಬ ಅಜ್ಜಿಯನ್ನು ಮಗ ಕುರ್ಚಿ ಸಮೇತ ಮಹಡಿಗೆ ಹೊತ್ತುಕೊಂಡು ಹೋದ. ಇಳಿಸುವಾಗ ಇವನ ಸೊಂಟ ಹಿಡಿಯಿತು. ಈಗ ಅವಳಿಗೆ ಇನ್ನೊಬ್ಬ ಪೇಷೆಂಟು.

ಎಲ್ಲರೂ ಒಬ್ಬರಿಗೊಬ್ಬರು ಬಿಟ್ಟುಕೊಡುತ್ತಾ ಕೂತಿದ್ದಾರೆ. ರೂಮು ಖಾಲಿ.

ಏಪ್ರಿಲ್ 23, ಬುಧವಾರ. ಬೆಳಿಗ್ಗೆ 7.30

ಸೊಂಟಕ್ಕೆ ಬಿಸಿನೀರಿನ ಚೀಲ ಇಟ್ಟುಕೊಂಡು ಮಗ ನನ್ನ ಹತ್ತಿರ ಬಂದು ಕೂತ. ಕೇಳಿಯೇಬಿಟ್ಟ.

"ಅಮ್ಮ, ಅವರಿಗೇನು ಬೇಕು ಇವರಿಗೇನು ಬೇಕು ಅಂತ ಬಿಡು. ನಿಂಗೇನು ಬೇಕು?"

ಬಾಯಿ ತೆಗೆದೆ. "ಚಹಾ ಬೇಕಾ ನಿಂಗೆ?" ಅಂದೆ.

ನಲವತ್ತೊಂದು ವರ್ಷದ ಅಭ್ಯಾಸ. ಯಾರಾದರೂ ನನಗೇನು ಬೇಕು ಅಂದರೆ ನಾನು ಅವರಿಗೇನು ಬೇಕು ಅನ್ನುತ್ತೇನೆ. ಸೋಮವಾರ ವಾಯಿದೆ. ಕಕ್ಷಿದಾರಳು ಸಿದ್ಧಳಿಲ್ಲ.

ಏಪ್ರಿಲ್ 28, ಸೋಮವಾರ. ಬೆಳಿಗ್ಗೆ 6.40

ಯಾರೂ ಎದ್ದಿಲ್ಲ. ಆಫೀಸ್ ರೂಮಿನಲ್ಲಿ ಕೂತು ಬರೆಯುತ್ತಿದ್ದೇನೆ. ಇವರ ಕುರ್ಚಿಯಲ್ಲಲ್ಲ, ಬೆಂಚಿನ ಮೇಲೆ, ಕಕ್ಷಿದಾರಳಾಗಿ. ಎದುರಿಗೆ ಟೇಬಲ್ಲು, ಆಚೆ ಕುರ್ಚಿ.

ಪುಟ ತೆಗೆದೆ. ಇದೇ ಪುಟ. ಮೇಲೆ ಇವರ ಪೆನ್ಸಿಲ್ಲು:

"ಇವತ್ತಿನಿಂದ ಕೋರ್ಟಿಗೆ ರಜೆ. ಇನ್ನು ನೆಪ ಇಲ್ಲ. ಆಫೀಸ್ ರೂಮು — ಅವಳನ್ನು ಕೇಳುವುದು. ಕಿಟಕಿ ಹತ್ತಿರ ಕೂರಿಸಿ ಕೇಳುವುದು. ಮೊದಲು ನಾನೇ ಚಹಾ ಮಾಡಿ ಕೊಡುವುದು. ಸಾಸರ್ ಮರೆಯಬಾರದು."

...

ಒಲೆ ಹಚ್ಚಲು ಬಾರದ ಮನುಷ್ಯ. ಚಹಾಪುಡಿ ಯಾವ ಡಬ್ಬಿಯಲ್ಲಿದೆ ಅಂತ ಗೊತ್ತಿರಲಿಲ್ಲ. ಸಾಸರ್ ಎಲ್ಲಿಡುತ್ತೇನೆ ಅಂತಲೂ ಗೊತ್ತಿರಲಿಲ್ಲ. ಆದರೆ ಅದನ್ನು ಯಾರಿಗೆ ಕೊಡುತ್ತೇನೆ ಅಂತ ಗೊತ್ತಿತ್ತು.

ಅತ್ತುಬಿಟ್ಟೆ. ಚೆನ್ನಾಗಿ ಅತ್ತೆ. ಬೇಸರದಿಂದಲ್ಲ.

ಏಪ್ರಿಲ್ 28. ಬೆಳಿಗ್ಗೆ 7.30

ಎದ್ದು ಎರಡು ಕಪ್ ಚಹಾ ಮಾಡಿ ತಂದೆ. ಎರಡಕ್ಕೂ ಸಾಸರ್. ಒಂದು ಟೇಬಲ್ಲಿನ ಮೇಲೆ ಇವರ ಕಡೆ ಇಟ್ಟೆ. ಇನ್ನೊಂದು ಹಿಡಿದು ಕಿಟಕಿಯ ಅಂಚಿನಲ್ಲಿ ಕೂತೆ. ಬಿಸಿಲು ಮಡಿಲಿಗೆ ಬಂತು. ನಲವತ್ತೊಂದು ವರ್ಷ ತಡವಾಗಿ ಬಂದರೂ ಅದೇ ಬಿಸಿಲು.

ಕುರ್ಚಿಗೆ ಹೇಳಿದೆ, ಜೋರಾಗಿಯೇ. "ರೀ, ರೂಮು ನನಗೆ ಬೇಕು."

ಹೇಳಿ ತಿರುಗಿದರೆ ಬಾಗಿಲಲ್ಲಿ ಮಗ, ಅವನ ಹಿಂದೆ ಸೊಸೆ. ದನಿ ಕೇಳಿ ಇಳಿದು ಬಂದಿದ್ದರು. ನಾಚಿಕೆಯಾಗಲಿಲ್ಲ. ಬಾಯಿ ಒಮ್ಮೆ ತೆರೆದುಕೊಂಡರೆ ಮುಂದಿನದು ಸುಲಭ.

"ರೂಮು ನನ್ದು" ಅಂದೆ. "ಇನ್ನು ನೀವು ಕೇಳಿ, ನಾನು ಕೊಡ್ತೀನಿ. ಬೆಳಿಗ್ಗೆ ಹತ್ತರವರೆಗೆ ಕಿಟಕಿ ಹತ್ರ ಯಾರೂ ಸುಳೀಬಾರ್ದು. ಹತ್ತರಿಂದ ನಾಲ್ಕು ನಿನ್ನ ಮೊಣಕಾಲಿನವರು. ನಾಲ್ಕರ ಮೇಲೆ ಗುಮಾಸ್ತರು. ಅವರ ದಿಂಬು ಅವರು ವಾಪಸ್ ತರ್ಬೇಕು."

ಸೊಸೆ ಬಂದು ಬೆಂಚಿನ ಮೇಲೆ ಕೂತಳು. ಬೆಂಚು ಕುಂಟಿತು. ಆಮೇಲೆ ನಕ್ಕಳು. ಮಗ, ಇದು ಅಪ್ಪನ ಆ ಅಣ್ಣತಮ್ಮನ ತಾರಸಿ ಕೇಸಲ್ಲವೇ ಅಂದ. ಹೌದು, ಫೀಸಿಲ್ಲದೆ ಕಲಿತದ್ದು ಅಂದೆ.

ಮಗ ಕಾಗದ ತಂದ. ನಾನು ಹೇಳಿದ ಹಾಗೆ ಬರೆದ. ಎಲ್ಲೂ ಖಾಲಿ ಜಾಗ ಇಲ್ಲವೆಂದು ಎರಡು ಸಲ ನೋಡಿ ಸಹಿ ಹಾಕಿದೆ. ಇವರ ವಿಲ್ಲನ್ನೂ ತೆಗೆದೆ. ಆ ಒಂದು ಗೇಣು ಜಾಗದಲ್ಲಿ ಪೆನ್ಸಿಲ್ಲಿನಲ್ಲಿ ಬರೆದೆ: "ಅವಳನ್ನು ಕೇಳಲಾಯಿತು." ಕಾನೂನಿನಲ್ಲಿ ಅದಕ್ಕೆ ಬೆಲೆ ಇಲ್ಲ, ಗೊತ್ತು.

ಒಂಬತ್ತೂವರೆಗೆ ಗುಮಾಸ್ತರು ಬಂದರು. ನಾಳೆಯಿಂದ ಸಂಜೆ ನಾಲ್ಕಕ್ಕೆ ಬಂದರೆ ಸಾಕು ಎಂದೆ. ಮುಖ ಸಣ್ಣದಾಯಿತು. ಪೂರ್ತಿ ಹೇಳಿದ ಮೇಲೆ ತಲೆ ತಗ್ಗಿಸಿ, ಸಂಜೆ ಆದರೆ ಬಿಸಿಲು ಕಮ್ಮಿ, ನಡೆದು ಬರಲು ಒಳ್ಳೇದೇ ಅಂದರು. ಆಮೇಲೆ ಟೇಬಲ್ಲಿನ ಮೇಲಿನ ತಣ್ಣಗಾದ ಚಹಾ ನೋಡಿದರು, ಸಾಸರ್ ನೋಡಿದರು. ಟ್ರೇ ಎತ್ತಿಕೊಂಡು ಹೋಗುವಾಗ ಅದು ಚೆಲ್ಲದ ಹಾಗೆ ಎರಡೂ ಕೈಯಲ್ಲಿ ಹಿಡಿದಿದ್ದರು.

ಏಪ್ರಿಲ್ 29, ಮಂಗಳವಾರ. ಬೆಳಿಗ್ಗೆ 7.10

ಕಿಟಕಿ. ಬರೀ ಸದ್ದಿನಲ್ಲಿ ಗೊತ್ತಿದ್ದ ಬೀದಿಗೆ ಇವತ್ತು ಮುಖ ಬಂತು. ಕಿರ್ರ್ ಅನ್ನುತ್ತಿದ್ದದ್ದು ಪೇಪರಿನವನ ಸೈಕಲ್ಲಲ್ಲ, ಎದುರು ಮನೆಯ ಗೇಟು. ದಿನಾ ಕೆಮ್ಮುತ್ತಿದ್ದ ಮುದುಕ ಮುದುಕನೇ ಅಲ್ಲ, ಮೂವತ್ತರ ಆಸುಪಾಸಿನವನು. ಎಷ್ಟು ವರ್ಷ ಅವನ ಬಗ್ಗೆ ಅಯ್ಯೋ ಪಾಪ ಅಂದಿದ್ದೇನೆ.

ಬೇರೆ ಕೆಲಸ ಏನೂ ಮಾಡುತ್ತಿಲ್ಲ. ಸುಮ್ಮನೆ ಕೂತಿದ್ದೇನೆ. ಚೆನ್ನಾಗಿದೆ.

7.35

ನಮ್ಮ ಗೇಟು ತೆಗೆದು ಒಬ್ಬರು ಬಂದರು. ಕಂಕುಳಲ್ಲಿ ಕಾಗದದ ಕಟ್ಟು. ವಕೀಲರು ಇದ್ದಾರಾ ಎಂದರು. ಇಲ್ಲ, ತೀರಿಕೊಂಡರು, ಗುಮಾಸ್ತರು ಸಂಜೆ ನಾಲ್ಕಕ್ಕೆ ಬರುತ್ತಾರೆ, ಯಾರ ಹತ್ತಿರ ಹೋಗಬೇಕೆಂದು ಅವರು ಹೇಳುತ್ತಾರೆ ಅಂದೆ. ಹೋಗಲಿಲ್ಲ. ಬೆಂಚಿನ ತುದಿಯಲ್ಲಿ ಕೂತು, ಕೇಳದಿದ್ದರೂ ಹೇಳಲು ಶುರುಮಾಡಿದರು — ತಂಗಿ, ಅಂಗಳ, ಮಧ್ಯದಲ್ಲಿ ಒಂದು ಮರ. ಮೊದಲ ಸಲ ಎದುರಿಗೆ ಮುಖ ಇಟ್ಟುಕೊಂಡು ಕೇಳಿದೆ. ಗೋಡೆಯಾಚೆಯೇ ಸುಲಭವಾಗಿತ್ತು. ಈಗ ಕಣ್ಣು ಕಾಣುತ್ತದೆ, ಕೈ ಕಾಣುತ್ತದೆ, ಒಂದೊಂದು ಒಂದೊಂದು ಹೇಳುತ್ತದೆ.

"ಎಲ್ಲಿ, ಇನ್ನೊಂದ್ಸಲ ಮೊದ್ಲಿಂದ ಹೇಳಿ" ಅಂದೆ. ಹೇಳಿದ ಮೇಲೆ ಇವರ ಮಾತು ನನ್ನ ಬಾಯಲ್ಲಿ ಬಂದದ್ದು ಗೊತ್ತಾಯಿತು.

ಹೇಳುತ್ತಿದ್ದಾರೆ. ಚಹಾ ಇಟ್ಟು ಬರುತ್ತೇನೆ ಎಂದು ಎದ್ದಿದ್ದೇನೆ. ಬಂದವರಿಗೆ ಸಾಸರ್ —